ಎರಡು ಸಾಲಿನ ತಿದ್ದುಪಡಿ

ಕಳೆದ ತಿಂಗಳು ಸಾಗರದಲ್ಲಿ ಹಳೆಯ ಸ್ಟೇಷನರಿ ಅಂಗಡಿಯೊಂದು ಬಾಗಿಲು ಹಾಕುವ ತಯಾರಿಯಲ್ಲಿತ್ತು. ಮೇಜಿನ ಮೇಲೆ ಸುರಿದಿದ್ದ ಚಿಲ್ಲರೆ ಸಾಮಾನಿನ ರಾಶಿಯಲ್ಲಿ ನನಗೊಂದು ಕಾಪಿಯಿಂಗ್ ಪೆನ್ಸಿಲ್ ಸಿಕ್ಕಿತು. ತುದಿಯನ್ನು ಒದ್ದೆ ಮಾಡಿ ಬರೆದರೆ ನೇರಳೆ ಬಣ್ಣಕ್ಕೆ ತಿರುಗುವ, ಒಮ್ಮೆ ಬರೆದರೆ ಅಳಿಸಲಾಗದ ಪೆನ್ಸಿಲ್. ಈಗ ಅದನ್ನು ಯಾರೂ ಕೊಳ್ಳುವುದಿಲ್ಲ. ಅಂಗಡಿಯವರು ಸುಮ್ಮನೆ ತಗೊಂಡು ಹೋಗಿ ಎಂದರು. ನಾನು ಅದರ ತುದಿಯನ್ನು ನಾಲಿಗೆಗೆ ತಾಗಿಸಿದೆ. ಒಂದು ಬಗೆಯ ಕಹಿ. ಆ ಕಹಿ ನನಗೆ ಮೊದಲೇ ಗೊತ್ತಿತ್ತೋ, ಗೊತ್ತಿತ್ತು ಎಂದು ಈಗ ಅನಿಸುತ್ತಿದೆಯೋ ಹೇಳಲಾರೆ. ಆದರೆ ಅದರ ಹಿಂದೆಯೇ ನೇರಳೆ ತುಟಿಯ ಒಂದು ಮುಖ ಬಂತು...

ಅವರು ನಮ್ಮೂರಿನ ಟೈಲರ್. ನಿಟ್ಟೂರಿನಿಂದ ಒಳಗೆ ಹೋದರೆ, ಹಳ್ಳದ ಸೇತುವೆ ದಾಟಿದ ಮೇಲೆ ಸಿಗುವ ಊರು ನಮ್ಮದು. ಊರಿಗೆಲ್ಲ ಅವರು ಟೈಲರಣ್ಣ. ಅವರ ಅಂಗಡಿಯ ಎದುರು ಸರ್ಕಾರಿ ಬಂಗಲೆಯ ಕಾಂಪೌಂಡಿತ್ತು. ಅದರೊಳಗೆ ತಂತಿಬೇಲಿ ಹಾಕಿದ ಸಣ್ಣ ಜಾಗದಲ್ಲಿ ಮಳೆಮಾಪಕ. ಅಂಗಡಿ ಹತ್ತಿರವೇ ಇದೆ, ಅಕ್ಷರ ದುಂಡಗಿದೆ ಎಂಬ ಎರಡು ಕಾರಣಕ್ಕೆ ಇಲಾಖೆಯವರು ಮಳೆ ಅಳೆಯುವ ಕೆಲಸವನ್ನು ಅವರಿಗೆ ವಹಿಸಿದ್ದರು. ಅದರಿಂದ ಬರುತ್ತಿದ್ದುದು ನೂಲಿನ ಉಂಡೆಗೂ ಸಾಲದಷ್ಟು. ಆದರೂ ಬೆಳಿಗ್ಗೆ ಎಂಟೂವರೆಗೆ, ಅಳತೆ ಕೊಡಲು ನಿಂತ ಗಿರಾಕಿಯನ್ನು ಹಾಗೆಯೇ ನಿಲ್ಲಿಸಿ, ಅವರು ರಸ್ತೆ ದಾಟುತ್ತಿದ್ದರು. ಮಳೆಯಲ್ಲಿ ಶಾಯಿ ಕದಡುತ್ತದೆಂದು ಕಾಪಿಯಿಂಗ್ ಪೆನ್ಸಿಲ್. ಮಳೆಗಾಲ ಮುಗಿಯುವ ತನಕ ಅವರ ಕೆಳದುಟಿಯ ಬಣ್ಣ ಹೋಗುತ್ತಿರಲಿಲ್ಲ.

ಆಗ ನಾನು ವಿಶ್ವವಿದ್ಯಾಲಯ ಮುಗಿಸಿ ಊರಿಗೆ ಬಂದಿದ್ದೆ. ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಜಿಲ್ಲೆಯ ಒಂದು ದಿನಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಎಲ್ಲವನ್ನೂ ಅನುಮಾನಿಸಬೇಕು ಎಂಬುದನ್ನು ಹೊಸದಾಗಿ ಕಲಿತಿದ್ದೆ. ಅದನ್ನು ಯಾರ ಮೇಲಾದರೂ ಪ್ರಯೋಗಿಸಲು ಕೈ ತುರಿಸುತ್ತಿತ್ತು. ಒಮ್ಮೆ ಟೈಲರಣ್ಣನನ್ನೇ ಕೇಳಿದೆ, ನೀವು ಅಳೆಯುವುದು ಸರಿ ಅಂತ ನಿಮಗೆ ಹೇಗೆ ಗೊತ್ತು ಎಂದು.

ಅವರು ಹಲ್ಲಿನಲ್ಲಿ ಕಚ್ಚಿದ್ದ ಸೂಜಿ ತೆಗೆದರು. "ಸರಿ ಇದ್ರೆ ಗೊತ್ತಾಗಲ್ಲ ತಮ್ಮಾ. ತಪ್ಪಾದ್ರೆ ಗೊತ್ತಾಗ್ತದೆ. ಗಿರಾಕಿ ವಾಪಸ್ ಬರ್ತಾನಲ್ಲ."

ಅವರ ಕೆಲಸದ ಒಂದು ರೀತಿಯನ್ನು ಇಲ್ಲಿ ವಿವರಿಸಲೇಬೇಕು. ಎಲ್ಲವೂ ನಿಂತಿರುವುದು ಅದರ ಮೇಲೆ. ಮಳೆಮಾಪಕದ ಒಳಗೊಂದು ಬಾಟಲಿ ಇರುತ್ತದೆ. ಬೇರೆ ಊರುಗಳಲ್ಲಿ ದಿನಕ್ಕೊಮ್ಮೆ ಆ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ ನೋಡಿದರೆ ಸಾಕು. ನಮ್ಮಲ್ಲಿ ಆಷಾಢದಲ್ಲಿ ಬೆಳಗಾಗುವುದರೊಳಗೆ ಬಾಟಲಿ ತುಂಬಿ ಹೊರಚೆಲ್ಲುತ್ತಿತ್ತು. ಅದಕ್ಕೆ ಟೈಲರಣ್ಣ ಸಂಜೆ ಒಮ್ಮೆ ಹೋಗಿ ಅಳೆದು, ನೀರು ಚೆಲ್ಲಿ ಬರುತ್ತಿದ್ದರು. ಮರುದಿನ ಬೆಳಿಗ್ಗೆ ಉಳಿದದ್ದನ್ನು ಅಳೆದು, ಎರಡನ್ನೂ ಕೂಡಿಸಿ, ಒಟ್ಟು ಮೊತ್ತವನ್ನು ಪುಸ್ತಕದಲ್ಲಿ ದೊಡ್ಡದಾಗಿ ಬರೆಯುತ್ತಿದ್ದರು. ಪಕ್ಕದಲ್ಲಿ ಸಂಜೆಯ ಭಾಗವನ್ನು ಸಣ್ಣದಾಗಿ ಬರೆದು ಸುತ್ತು ಹಾಕುತ್ತಿದ್ದರು. ಆ ಸುತ್ತಿನ ಅಂಕಿ ತಮ್ಮ ನೆನಪಿಗೆ ಮಾತ್ರ. ಪುಸ್ತಕಗಳು ಎರಡು: ಒಂದು ಇಲಾಖೆಗೆ, ಒಂದು ತಮಗೆ.

ಆ ವರ್ಷ ಒಂದು ಹಗಲು ರಾತ್ರಿ ಬಿಡದೆ ಸುರಿಯಿತು. ಬೆಳಿಗ್ಗೆ ಅವರ ಅಂಗಡಿಗೆ ಹೋದೆ. ಅವರು ಒದ್ದೆ ಕೊಡೆ ಬಿಡಿಸಿಡಲು ಹಿಂದಕ್ಕೆ ಹೋಗಿದ್ದರು. ಪುಸ್ತಕ ಹೊಲಿಗೆ ಯಂತ್ರದ ಮೇಲೆ ತೆರೆದೇ ಇತ್ತು. ಎರಡು ಅಂಕಿ ಕಂಡವು. ಎರಡನ್ನೂ ಬರೆದುಕೊಂಡೆ. ಮನೆಗೆ ಬಂದು ಕೂಡಿಸಿದೆ...

ಆ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ತಪ್ಪೆಂದು ಹೇಳಲು ಬರೆದರೂ ಅದು ಇನ್ನೊಂದು ಸಲ ಅಚ್ಚಾದಂತೆಯೇ.

ಸುದ್ದಿ ಮುಖಪುಟದಲ್ಲಿ ಬಂತು, ನನ್ನ ಹೆಸರಿನೊಂದಿಗೆ. ಹೊಸನಗರ ತಾಲ್ಲೂಕಿನ ನಮ್ಮ ಸಣ್ಣ ಊರು ಆಗುಂಬೆ ಕಡೆಯವರನ್ನು ಹಿಂದೆ ಹಾಕಿತೆಂದು ಊರವರಿಗೆಲ್ಲ ಖುಷಿ. ಆಗುಂಬೆ ಹತ್ತಿರದ ಮೇಗರವಳ್ಳಿಯ ಒಬ್ಬ ಲಾರಿ ಡ್ರೈವರ್ ನಮ್ಮೂರ ಹೋಟೆಲಿಗೆ ಬಂದವನು ಪತ್ರಿಕೆ ನೋಡಿ ಸುಮ್ಮನಿರಲಿಲ್ಲ.

"ಅಲ್ಲ ಮಾರಾಯ್ರೆ, ಅಷ್ಟು ಮಳೆ ನಮ್ ಕಡೆಗೇ ಬಿದ್ದಿಲ್ಲ. ನಿಮ್ಮ ಟೈಲರ್ ಎರಡು ಕೊಡ ಬಾವಿ ನೀರು ಹೊಯ್ದಿರ್ಬೇಕು!"

"ಹೊಟ್ಟೆಕಿಚ್ಚು ಪಡ್ಬೇಡ, ಚಾ ಕುಡಿ," ಎಂದರು ಹೋಟೆಲಿನವರು.

"ಹೊಟ್ಟೆಕಿಚ್ಚು ಎಂತಕ್ಕೆ? ಟೈಲರ್ ಅಂದ್ಮೇಲೆ ಉದ್ದಕ್ಕೆ ಸ್ವಲ್ಪ ಬಿಟ್ಟೇ ಹೊಲೀತಾರೆ ಅಂದೆ, ಅಷ್ಟೇ."

ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ. ಆ ಸಂಜೆ ಟೈಲರಣ್ಣ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂರಲಿಲ್ಲ.

"ಇದೆಲ್ಲಿಂದ ತಂದ್ಯೋ ತಮ್ಮಾ?"

ನಿಮ್ಮ ಪುಸ್ತಕದಿಂದ ಎಂದೆ.

"ಸುತ್ತು ಹಾಕಿದ್ದು ಸಂಜೇದು. ಅದು ದೊಡ್ಡದ್ರ ಒಳಗೇ ಸೇರಿದೆ. ನೀನು ಇನ್ನೊಂದ್ ಸಲ ಕೂಡಿದ್ಯಾ?"

ನಾನು ಏನು ಉತ್ತರ ಕೊಟ್ಟೆ ಎಂಬುದು ಸ್ಪಷ್ಟವಾಗಿ ನೆನಪಿದೆ, ಮರೆತಿದ್ದರೆ ಒಳ್ಳೆಯದಿತ್ತು. "ಬಿಡಿ ಅಣ್ಣ, ಯಾರಿಗೆ ಗೊತ್ತಾಗ್ತದೆ" ಎಂದೆ.

ಗೊತ್ತಾಯಿತು. ಇಲಾಖೆಯಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಪತ್ರಿಕೆಯಲ್ಲಿ ಒಂದು ಅಂಕಿ, ಪುಸ್ತಕದಲ್ಲಿ ಒಂದು ಅಂಕಿ. ಹೋಟೆಲಿನ ಬಾವಿ ನೀರಿನ ತಮಾಷೆಯೂ ಅವರ ಕಿವಿಗೆ ಬಿದ್ದಿತ್ತು. ಹೆಸರಾಗಲಿ ಎಂದು ಪತ್ರಿಕೆಗೆ ಹೆಚ್ಚು ಹೇಳಿ, ಸಿಕ್ಕಿಬೀಳಬಾರದೆಂದು ಪುಸ್ತಕದಲ್ಲಿ ಬೇರೆ ಬರೆದಿದ್ದೀರಿ ಎಂಬುದು ಅವರ ಅನುಮಾನ. ಇಲ್ಲ, ಬರೆದ ಹುಡುಗ ತಪ್ಪಾಗಿ ಕೂಡಿಸಿದ್ದಾನೆ ಎಂದು ಟೈಲರಣ್ಣ ಹೇಳಿದರು. ಹಾಗಾದರೆ ಬರುವ ಸೋಮವಾರದೊಳಗೆ ಆ ಪತ್ರಿಕೆಯಲ್ಲೇ ತಿದ್ದುಪಡಿ ಬರಲಿ, ಇಲ್ಲವಾದರೆ ಕೆಲಸ ಬೇರೆಯವರಿಗೆ ಎಂದು ಅಧಿಕಾರಿ ಹೇಳಿ ಹೋದರು.

ಟೈಲರಣ್ಣ ನನ್ನ ಬಳಿ ಬಂದು ಕೇಳಿದ್ದು ಇಷ್ಟೇ: "ಎರಡು ಸಾಲು ಬರಿ ತಮ್ಮಾ. ತಪ್ಪು ನಂದು ಅಂತ ಬೇಕಾದ್ರೂ ಬರಿ, ಆದ್ರೆ ಆ ಅಂಕಿ ತಪ್ಪು ಅಂತ ಬರಿ."

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ನಾನು ತಿದ್ದುಪಡಿ ಬರೆದೆ. ಆಗ ಸುದ್ದಿಯ ಕವರನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವ ರೂಢಿ. ಪೇಟೆಯಲ್ಲಿ ಪತ್ರಿಕೆಯವರು ಇಳಿಸಿಕೊಳ್ಳುತ್ತಿದ್ದರು. ಬಸ್ಸು ಹೋಟೆಲಿನ ಎದುರು ನಿಂತಿತ್ತು. ಕಂಡಕ್ಟರ್ ಕವರನ್ನು ಚರ್ಮದ ಚೀಲಕ್ಕೆ ಸೇರಿಸಿ ಸೀಟಿ ಊದಿದ. ಟೈಲರಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ತಲೆಯಾಡಿಸಿದೆ, ಅವರೂ ತಲೆಯಾಡಿಸಿದರು. ಪತ್ರಿಕೆಯವರು ಅದನ್ನು ಹಾಕಲಿಲ್ಲ. ಸೋಮವಾರ ಕಳೆಯಿತು. ಅವರ ಕೆಲಸ ಹೋಯಿತು. ಮಳೆಮಾಪಕವನ್ನು ಕಿತ್ತು ಇನ್ನೊಂದು ಊರಿಗೆ ಒಯ್ದರು.

ಈ ಕಥೆಯನ್ನು ನಾನು ಹೆಂಡತಿಗೆ ಹೇಳಿದ್ದೇನೆ. ಮುಂದೆ ತೀರ್ಥಹಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗ, ಪತ್ರಿಕೆಗಳು ತಮ್ಮ ತಪ್ಪನ್ನು ಹೇಗೆ ಮುಚ್ಚಿಡುತ್ತವೆ ಎಂಬುದಕ್ಕೆ ಉದಾಹರಣೆಯಾಗಿ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಪ್ರತಿ ಸಲವೂ ಕಂಡಕ್ಟರನ ಚರ್ಮದ ಚೀಲ ಸ್ವಲ್ಪ ಹೆಚ್ಚು ಹೊಳೆಯುತ್ತಿತ್ತು.

ಊರಿನವರು ಟೈಲರಣ್ಣನಿಗೆ 'ಬಾವಿನೀರು' ಎಂದು ಹೆಸರಿಟ್ಟರು, ಬೆನ್ನ ಹಿಂದೆ. ಅವರು ಹೋಟೆಲಿಗೆ ಹೋಗುವುದನ್ನು ಬಿಟ್ಟರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಕಾಲೇಜಿನ ಕೆಲಸಕ್ಕೆ ಸೇರುವಾಗ ನನಗೆ ಎರಡು ಅಂಗಿ ಹೊಲಿದುಕೊಟ್ಟರು. ಹೊಲಿಗೆ ಎಲ್ಲೂ ತಪ್ಪಿರಲಿಲ್ಲ. ಆ ಅಂಗಿಗಳನ್ನು ನಾನು ಹೆಚ್ಚು ದಿನ ಹಾಕಲಿಲ್ಲ... ಅವರು ತೀರಿಕೊಂಡ ಸುದ್ದಿ ತೀರ್ಥಹಳ್ಳಿಗೆ ಬಂದಾಗ ಪರೀಕ್ಷೆಯ ಕೆಲಸವಿದೆಯೆಂದು ಹೋಗಲಿಲ್ಲ. ಪರೀಕ್ಷೆ ಇದ್ದದ್ದು ನಿಜವೇ ಎಂದು ಈಗ ಯಾರನ್ನು ಕೇಳಲಿ?

ಅಂಕಿಗೆ ಮಾತ್ರ ಸಾವು ಬರಲಿಲ್ಲ. ನನ್ನ ಸುದ್ದಿಯಿಂದ ಅದು ಒಂದು ತಾಲ್ಲೂಕು ಪರಿಚಯದ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿಗೆ, ಅಲ್ಲಿಂದ ಎಲ್ಲರ ಮೊಬೈಲಿಗೆ. ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ಥಟ್ಟನೆ ಹೇಳಿ ರಸಪ್ರಶ್ನೆಯಲ್ಲಿ ಬಹುಮಾನ ಗೆದ್ದಳು. ಬಹುಮಾನ ಕೊಟ್ಟವನು ನಾನು.

ಪೆನ್ಸಿಲ್ ಸಿಕ್ಕ ದಿನವೇ ಸಾಗರದಲ್ಲಿ ಒಂದು ಸಭೆಯಿತ್ತು. ನಮ್ಮ ಹೊಳೆಗಳ ನೀರನ್ನು ಬೇರೆ ಕಡೆಗೆ ಒಯ್ಯಬಹುದೇ ಬಾರದೇ ಎಂಬ ಚರ್ಚೆ. ಒಯ್ಯಬಹುದು ಎಂದವರು ನಮ್ಮೂರಿನ ಆ ಒಂದು ದಿನದ ಮಳೆಯನ್ನು ಹೇಳಿ, ಇಷ್ಟು ನೀರು ಸುಮ್ಮನೆ ಸಮುದ್ರಕ್ಕೆ ಹೋಗಬೇಕೇ ಎಂದರು. ಒಯ್ಯಬಾರದು ಎಂದವರೂ ಅದೇ ಅಂಕಿಯನ್ನು ಹೇಳಿ, ಇಂಥ ಮಳೆ ಬೀಳುವ ಕಾಡನ್ನು ಮುಟ್ಟಬಹುದೇ ಎಂದರು. ಉಳಿದ ಎಲ್ಲದರಲ್ಲೂ ಕಿತ್ತಾಡುತ್ತಿದ್ದವರು ಅದೊಂದನ್ನು ಮಾತ್ರ ಒಪ್ಪಿಕೊಂಡಿದ್ದರು.

ನಾನು ಎದ್ದು ನಿಂತು ಆ ಅಂಕಿ ತಪ್ಪು ಎಂದೆ.

"ಆಧಾರ ಏನು ಸಾರ್?" ಮುಂದಿನ ಸಾಲಿನ ಯುವಕ ಮೊಬೈಲ್ ಎತ್ತಿ ತೋರಿಸಿದ. "ನಮ್ಮತ್ರ ಆಗಿನ ಪೇಪರ್ ಕಟಿಂಗೇ ಇದೆ. ನೋಡಿ, ವರದಿಗಾರರ ಹೆಸರೂ ಇದೆ."

"ಆ ವರದಿ ಬರೆದವನು ನಾನೇ."

ಹಿಂದಿನಿಂದ ಒಬ್ಬರು, "ಆಗ ನಿಮ್ಗೆ ನೆನಪು ಚೆನ್ನಾಗಿತ್ತು ಬಿಡಿ ಸಾರ್" ಎಂದರು. ಸಭೆ ನಕ್ಕಿತು. ನಾನು ಕುಳಿತೆ. ನನ್ನ ಮಾತಿಗಿಂತ ನನ್ನ ಹೆಸರಿಗೆ ಬೆಲೆ ಹೆಚ್ಚಿತ್ತು.

ಇಲಾಖೆಗೆ ಹೋದ ಪುಸ್ತಕ ಈಗ ಎಲ್ಲಿದೆಯೋ ಗೊತ್ತಿಲ್ಲ. ಆಧಾರ ಉಳಿದಿರುವುದು ಒಂದೇ ಕಡೆ. ಟೈಲರಣ್ಣನ ಮಗಳು ಸಾಗರದಲ್ಲೇ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆಂದು ಕೇಳಿದ್ದೆ. ಮರುದಿನ ಬೆಳಿಗ್ಗೆ ಹುಡುಕಿಕೊಂಡು ಹೋದೆ. ಗುರುತು ಹಿಡಿದಳು. "ಬನ್ನಿ ಚಿಕ್ಕಪ್ಪ" ಎಂದು ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿಟ್ಟಳು. ಬಂದ ಕಾರಣ ಹೇಳಿದೆ. ಅವಳು ಕತ್ತರಿಸುವ ಮೇಜಿನ ಕೆಳಗಿನ ಟ್ರಂಕಿನಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಪುಸ್ತಕ ತೆಗೆದಳು.

ಆ ಪುಟ ಸಿಕ್ಕಿತು. ದೊಡ್ಡ ಅಂಕಿ, ಪಕ್ಕದಲ್ಲಿ ಸುತ್ತು ಹಾಕಿದ ಸಣ್ಣ ಅಂಕಿ. ತಿದ್ದಿದ ಗುರುತು ಎಲ್ಲೂ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಲಗಡೆ 'ಷರಾ' ಎಂಬ ಕಾಲಂ ಇತ್ತು. ಕಣ್ಣು ಅಲ್ಲಿಗೆ ಹೋಯಿತು. ನಾಲ್ಕನೆಯ ದಿನದ ಎದುರು ಹೀಗೆ ಬರೆದಿತ್ತು: 'ಅಧಿಕಾರಿ ಬಂದು ಹೋದರು.' ಅದರ ಮರುದಿನ: 'ಸೇತುವೆ ಮುಳುಗಿದೆ. ಬಸ್ ಇಲ್ಲ.' ಅದರ ಕೆಳಗೆ 'ಬಸ್ ಇಲ್ಲ.' ಮತ್ತೆ 'ಬಸ್ ಇಲ್ಲ.' ಸೋಮವಾರವೂ 'ಬಸ್ ಇಲ್ಲ.' ಬಸ್ಸು ಮತ್ತೆ ಬಂದದ್ದು ಗುರುವಾರ.

ನಾನು ಹಿಂದೆ ಮುಂದೆ ಪುಟ ತಿರುಗಿಸಿದೆ. ಅಧಿಕಾರಿ ಹೋದ ದಿನವೇ ಕೊಟ್ಟಿರಬಹುದೇ? ಅವರು ಬಂದದ್ದೇ ಸಂಜೆ, ನಮ್ಮೂರಿಗಿದ್ದುದು ಬೆಳಗಿನ ಒಂದು ಬಸ್ಸು. ಅನುಮಾನಿಸಲು ಕಲಿತವನಿಗೆ ತನ್ನ ಪರವಾಗಿ ಅನುಮಾನಿಸುವುದು ಬಲು ಸುಲಭ. ಆದರೂ ಒಂದು ಸಂದಿಯೂ ಸಿಗಲಿಲ್ಲ. ಕಂಡಕ್ಟರ್, ಸೀಟಿ, ಚರ್ಮದ ಚೀಲ... ಬೇರೆ ಯಾವುದೋ ದಿನದ್ದನ್ನು ತಂದು ಅಲ್ಲಿ ಹೊಲಿದುಬಿಟ್ಟಿದ್ದೇನೆ. ಆ ಎರಡು ಸಾಲನ್ನು ನಾನು ಕಳಿಸಿರಲಿಲ್ಲ. ಗುರುವಾರ ಬಸ್ಸು ಬಂದ ಮೇಲೆ ಕಳಿಸಿದ ನೆನಪೂ ಇಲ್ಲ. ಬರೆದಿದ್ದೆನೇ ಎಂಬುದೂ ಈಗ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ತಲೆಯಾಡಿಸಿದ ಟೈಲರಣ್ಣ ಮಾತ್ರ ಹೋಗುವುದಿಲ್ಲ. ನಡೆಯದ ಘಟನೆಯೊಳಗೆ ಅವರು ಹಾಗೇ ನಿಂತಿದ್ದಾರೆ.

"ಅಪ್ಪ ಮೊದಲು ಪೇಪರ್ ತರಿಸ್ತಿರ್ಲಿಲ್ಲ," ಎಂದಳು ಮಗಳು. "ಬಸ್ಸು ಶುರುವಾದ್ಮೇಲೆ ದಿನಾ ತರಿಸೋಕೆ ಶುರು ಮಾಡಿದ್ರು. ಮುಖಪುಟ ನೋಡ್ತಾನೇ ಇರ್ಲಿಲ್ಲ. ತಿದ್ದುಪಡಿ ಒಳಗಿನ ಪುಟದ ಮೂಲೇಲಿ ಹಾಕ್ತಾರಂತೆ ಅಂತ, ಅದನ್ನೇ ಮೊದ್ಲು ತೆಗೀತಿದ್ರು."

"ಎಷ್ಟು ದಿನ ತರಿಸಿದ್ರು?"

"ಆ ಪೇಪರ್ ನಿಲ್ಲೋವರೆಗೂ ಚಿಕ್ಕಪ್ಪ."

ಪತ್ರಿಕೆ ನಿಂತದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟೂ ದಿನ ಕೆಲಸ ವಾಪಸ್ ಸಿಗುವ ಆಸೆಯೇನೂ ಅವರಿಗಿರಲಿಕ್ಕಿಲ್ಲ. ನಾನು ಬರೆಯುತ್ತೇನೆ ಎಂದುಕೊಂಡಿದ್ದರು, ಅಷ್ಟೇ.

ಈ ಪುಟದ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದೆ. ಅವಳು ಪುಟದ ಮೇಲೆ ಅಂಗೈ ಇಟ್ಟಳು.

"ಬೇಡ ಚಿಕ್ಕಪ್ಪ. ಬೇಕಾದವ್ರು ಬಂದು ನೋಡ್ಲಿ, ನಾನೇ ತೋರಿಸ್ತೀನಿ."

"ಅಂಕಿ ಒಂದನ್ನಾದ್ರೂ ಬರ್ಕೊಳ್ತೀನಿ."

"ನೀವು ಬರ್ಕೊಳ್ಳೋದು ಬೇಡ."

ದನಿಯಲ್ಲಿ ಸಿಟ್ಟಿರಲಿಲ್ಲ. ಚಾ ತರಿಸಿದಳು, ಕುಡಿದು ಎದ್ದೆ. ಹಾಗಾಗಿ ಆ ದಿನದ ಸರಿಯಾದ ಅಂಕಿ ಈ ಲೇಖನದಲ್ಲಿ ಇಲ್ಲ. ಪತ್ರಿಕೆಯೂ ಈಗಿಲ್ಲ. ಹೇಳಬೇಕಾದ್ದನ್ನು ಇಲ್ಲೇ ಹೇಳುತ್ತೇನೆ.

ನಮ್ಮೂರಿನ ದಾಖಲೆ ಮಳೆ ಎಂದು ನಾನು ವರದಿ ಮಾಡಿದ ಅಂಕಿ ತಪ್ಪು. ಸಂಜೆಯ ಅಳತೆಯನ್ನು ಎರಡು ಸಲ ಕೂಡಿಸಿದವನು ನಾನು. ಮಳೆ ಅಳೆದವರ ಪುಸ್ತಕದಲ್ಲಿ ತಪ್ಪಿರಲಿಲ್ಲ.

ಇದನ್ನು ದಿನವೂ ಹುಡುಕುತ್ತಿದ್ದ ಓದುಗರು ಒಬ್ಬರೇ ಇದ್ದರು. ಅವರಿಗೆ ಇದು ತಲುಪುವುದಿಲ್ಲ.