ಶಿಫ್ಟ್ ಒತ್ತಿದ ಬೆರಳು

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಲಕ್ಷ್ಮೇಶ್ವರದ ಅಂಗಡಿ ಬೋರ್ಡುಗಳ ಮೇಲಿನ ‘ಧಾರವಾಡ ಜಿಲ್ಲೆ’ ಅಳಿಸಿ ‘ಗದಗ ಜಿಲ್ಲೆ’ ಎಂದು ಬರೆಯುವ ಕೆಲಸ ಪೇಂಟರ್ ಆಗಿದ್ದ ನಮ್ಮ ಅಬ್ಬಾಗೆ ಕೈತುಂಬ ಸಿಕ್ಕಿದ್ದ ದಿನಗಳವು. ಮನೆಯೆಲ್ಲ ಟರ್ಪೆಂಟೈನ್ ವಾಸನೆ, ತಿನ್ನುವ ರೊಟ್ಟಿಗೂ ಅದೇ ವಾಸನೆ. ಆ ಕಾಲವನ್ನು ಚಂದವೆಂದು ನೆನೆಯುವವರು ನೆನೆಯಲಿ. ನನಗೆ ಆ ಮಳೆಗಾಲ ನೆನಪಾದರೆ ಇವತ್ತಿಗೂ ಸಿಟ್ಟೇ ಬರುತ್ತದೆ.

ಬೋರ್ಡಿನ ಮೇಲೆ ದೊಡ್ಡ ಗುಂಡು, ಅಂದರೆ ವೃತ್ತ, ತೆಗೆಯಬೇಕಾದಾಗ ಅಬ್ಬಾ ನನ್ನನ್ನು ಕರೆಯುತ್ತಿದ್ದರು. ದಾರದ ಒಂದು ತುದಿಯನ್ನು ನಾನು ತಗಡಿನ ನಡುವೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಅವರು ಸುತ್ತಲೂ ಎಳೆಯುತ್ತಿದ್ದರು. “ಹಿಡಿ” ಅಂದಾಗ ಹಿಡಿಯಬೇಕು, “ಬಿಡು” ಅನ್ನುವ ತನಕ ಅಲುಗಬಾರದು. ಬೆರಳು ಜರುಗಿದರೆ ಗುಂಡು ಹೋಗಿ ಮೊಟ್ಟೆಯಾಗುತ್ತಿತ್ತು. ಮನೆಯೊಳಗೆ ನಮ್ಮದು ಉರ್ದು. ಬೋರ್ಡಿನ ಮುಂದೆ ಮಾತ್ರ ಅಬ್ಬಾ ಕನ್ನಡವನ್ನೇ ಆಡುತ್ತಿದ್ದರು, ಬರೆಯುವ ಅಕ್ಷರಕ್ಕೂ ಮಾತು ಕೇಳಿಸಲಿ ಎನ್ನುವಂತೆ.

ಅದೇ ವರ್ಷ ನಮ್ಮ ಶಾಲೆಗೆ ಎರಡು ಕಂಪ್ಯೂಟರ್ ಬಂದವು. ಪೂಜೆಯ ಕುಂಕುಮ ಇನ್ನೂ ಪರದೆಯ ಮೂಲೆಯಲ್ಲಿತ್ತು. ಚಪ್ಪಲಿ ಹೊರಗೆ ಬಿಟ್ಟು, ಊದಿನಕಡ್ಡಿಯೂ ಹೊಸ ಪ್ಲಾಸ್ಟಿಕ್ಕೂ ಕೂಡಿದ ವಾಸನೆಯ ಕೋಣೆಗೆ ಹೋಗಬೇಕು. ಕಂಪ್ಯೂಟರ್ ಸರ್ ಮೊದಲ ದಿನವೇ ಹೇಳಿಬಿಟ್ಟರು: “ಗಂಡಹುಡುಗ್ರು ಮೌಸ್, ಹೆಣ್ಣಹುಡುಗ್ಯಾರು ಕೀಬೋರ್ಡ್. ಅದಲ್-ಬದಲ್ ಇಲ್ಲ. ಒಂದ ಮೌಸಿನ ಮ್ಯಾಲೆ ಇಬ್ರೂ ಕೈ ಇಟ್ರ ನೋಡ್ರಿ ಮತ್ತ!”

ನನ್ನ ಜೋಡಿಗೆ ಸಿಕ್ಕವನು ಮಂಜ್ಯಾ. ಮೌಸಿನ ಹೊಟ್ಟೆಯೊಳಗಿನ ಗುಂಡು ತೆಗೆದು ಗೋಲಿ ಆಡುವ ಹುಡುಗ. ಅಂಗೈಗೆ ಸದಾ ಮಿರ್ಚಿ ಭಜಿಯ ಎಣ್ಣೆ. ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ಅವನು ಗೆರೆ ಎಳೆದರೆ ಎತ್ತು ನಡೆಯುತ್ತ ಉಚ್ಚೆ ಹೊಯ್ದಂತೆ ಸೊಟ್ಟಸೊಟ್ಟ. ನಾನು ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಗೆರೆ ನೆಟ್ಟಗಾಗುತ್ತಿತ್ತು, ಮೊಟ್ಟೆ ಗುಂಡಗಾಗುತ್ತಿತ್ತು. ಅವನು ಕೆಡಿಸಿದ್ದನ್ನು ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ತರುವುದೂ ನನ್ನ ಪಾಲಿಗೇ. ಅದೂ ಮೂರೇ ಸಲ. ನಾಲ್ಕನೆಯ ತಪ್ಪನ್ನು ಆ ಪ್ರೋಗ್ರಾಮು ಕ್ಷಮಿಸುತ್ತಿರಲಿಲ್ಲ. ಅವನು ಮೌಸ್ ಬಿಡುವ ಮೊದಲು ನಾನು ಶಿಫ್ಟ್ ಬಿಟ್ಟರಂತೂ ಎಲ್ಲ ಹಾಳು.

“ಹಿಡಿ ಹಿಡಿ, ಶಮೀಮಾ.”

“ಹಿಡದೀನಿ. ಎಳಿಯೋ ಜಲ್ದಿ, ಬೆರಳ ನೋಯಾಕತ್ತೈತಿ.”

“ಎಳದೆ. ಬಿಡು.”

“ಮೊದ್ಲ ನೀ ಬಿಡೋ, ಮಂಗ್ಯಾ!”

ಸ್ವಾತಂತ್ರ್ಯ ದಿನಕ್ಕೆ ಗದಗಿನಿಂದ ಸಾಹೇಬರೊಬ್ಬರು ಬರುವವರಿದ್ದರು. ಅವರೆದುರು ನಾವಿಬ್ಬರು ಧ್ವಜ ಬಿಡಿಸಿ ತೋರಿಸಬೇಕು. ಆ ಚಿತ್ರ ಅಚ್ಚಾಗಿ, ಕೆಳಗೆ ಹೆಸರು ಹೊತ್ತು, ಶಾಲೆಯ ಗೋಡೆಗೆ ಏರುತ್ತದೆ ಎಂದು ಸರ್ ಹೇಳಿದ್ದರು. ನನಗೆ ಬೇಕಾಗಿದ್ದು ಆ ಹೆಸರೊಂದೇ. ಬೋರ್ಡಿನ ಮೂಲೆಯಲ್ಲಿ ಅಬ್ಬಾ ತಮ್ಮ ಹೆಸರು ಬರೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡುವುದನ್ನು ಕಂಡು ಬೆಳೆದವಳು ನಾನು.

ಸಾಹೇಬರು ಬಂದರು, ಪರದೆಯತ್ತ ಬಗ್ಗಿದರು. ಪಟ್ಟೆಗಳು ನೆಟ್ಟಗೆ ಬಂದವು. ಚಕ್ರದ ಸರದಿ ಬಂದಾಗ ಮಂಜ್ಯಾ “ಹಿಡಿ” ಎಂದು ಪಿಸುಗುಟ್ಟಿದ. ಹಿಡಿದೆ. ಚಕ್ರ ಬಂಗಾರದ ಬಳೆಯ ಹಾಗೆ ಗುಂಡಗೆ ಬಂತು.

“ಭಾರಿ ಕೈ ಐತಲೇ ನಿಂದು!” ಎಂದು ಸಾಹೇಬರು ಮಂಜ್ಯಾನ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ನೋಡಿ, “ಈ ಹುಡುಗಿ ಏನ್ ಮಾಡ್ತಾಳ?” ಎಂದರು.

“ಏನಿಲ್ರಿ, ಜೋಡಿಗೆ ಕುಂತಾಳ್ರಿ,” ಎಂದರು ಸರ್.

“ಶಿಫ್ಟ್ ನಾ ಒತ್ತೀನ್ರಿ ಸರ್.”

“ಆತು ಆತು. ಹೆಸರು ಟೈಪ್ ಮಾಡು. ಮಂಜುನಾಥ,” ಎಂದರು ಸರ್.

ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಹೆಸರಿನ ಮೊದಲ ಅಕ್ಷರ ದೊಡ್ಡದಾಗಬೇಕಾದರೆ ಅದಕ್ಕೂ ಶಿಫ್ಟ್ ಬೇಕು. ಒತ್ತಿದೆ.

ಚಕ್ರ ಬಿಡಿಸುವಾಗ ನಾನು ಬೇಕಂತಲೇ ಬೆರಳು ಎತ್ತಿದೆ, ಧ್ವಜದ ನಡುವೆ ಮೊಟ್ಟೆ ಕೂತಿತು ಎಂದು ಬರೆದಿದ್ದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಕೆಲವು ವರ್ಷ ನಾನೇ ಗೆಳತಿಯರಿಗೆ ಹಾಗೆ ಹೇಳಿಕೊಂಡು ತಿರುಗಿದ್ದೆ. ಎತ್ತಲಿಲ್ಲ. ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಒತ್ತಿ ಕೂತಿದ್ದೆ. ಚಿತ್ರ ನನ್ನದು, ನಾನೇಕೆ ಕೆಡಿಸಲಿ?

ಮನೆಗೆ ಬಂದವಳೇ ಪಾಟಿಚೀಲ ಒಗೆದೆ. “ಅಬ್ಬಾ, ಹಿಡಿದಾಕಿ ನಾನು, ಹೆಸರು ಅವಂದು!”

ಬೋರ್ಡಿನ ಮುಂದೆ ಕೂತಿದ್ದ ಅಬ್ಬಾ ಬ್ರಶ್ಶು ಒರೆಸುತ್ತ ನಕ್ಕರು. “ದಾರ ದಿನಾ ನೀ ಹಿಡೀತಿ. ಬೋರ್ಡಿನ ಮ್ಯಾಲೆ ಹೆಸರು ಯಾರದೈತಿ?”

ಸಮಾಧಾನ ಮಾಡಲೆಂದೇ ಅಂದಿದ್ದರು. ನನಗೆ ಸಮಾಧಾನವಾಗಲಿಲ್ಲ. “ಖರೆ. ನೀವೂ ಅವರಂಗ,” ಎಂದೆ. ಅವರ ನಗು ನಿಂತಿತು. ಎದುರಿಗಿದ್ದ ಬೋರ್ಡಿನ ಗುಂಡಿನ ನಡುವೆ ನನ್ನ ಹೆಬ್ಬೆರಳು ಉಳಿಸಿದ್ದ ಕಲೆಯನ್ನು ಅಬ್ಬಾ ಎಂದಿನಂತೆ ಒಂದು ಕೈ ಬಣ್ಣ ಬಳಿದು ಮುಚ್ಚಿದರು.

ಮುಂದಿನ ಬೋರ್ಡಿನ ಮೂಲೆಯಲ್ಲಿ ಅಬ್ಬಾ ನನ್ನ ಹೆಸರನ್ನೂ ಬರೆದರು ಎಂದು ನಮ್ಮಣ್ಣ ಈಗ ಎಲ್ಲರಿಗೂ ಹೇಳುತ್ತಾನೆ. ಕಣ್ಣಲ್ಲಿ ನೀರೂ ತರಿಸಿಕೊಳ್ಳುತ್ತಾನೆ. ಸುಳ್ಳು. ನಾನು ಶಿರಹಟ್ಟಿ ದಾರಿಯವರೆಗೂ ಪ್ರತಿ ಬೋರ್ಡಿನ ಮೂಲೆ ನೋಡಿದ್ದೇನೆ.

ಈಗ ನೋಡಬೇಕೆಂದರೂ ಬೋರ್ಡುಗಳಿಲ್ಲ. ಎಲ್ಲ ಕಡೆ ಫ್ಲೆಕ್ಸು. ಅಬ್ಬಾನೂ ಇಲ್ಲ, ಆ ಕೈಯೂ ಇಲ್ಲ. ಜಗಳ ಮಾಡಲು ಇದ್ದ ಒಂದು ಹೆಸರೂ ಹೋಯಿತು.

ಮೊನ್ನೆ ಅಣ್ಣನ ಮಗಳು ಫೋನಿನ ಮೇಲೆ ಬೆರಳಾಡಿಸಿ ಗುಂಡು ತೆಗೆದಳು. ಸೊಟ್ಟಗಿತ್ತು, ಬೆರಳು ಎತ್ತದೆ ಒಂದು ಕ್ಷಣ ತಡೆದಳು, ತಾನಾಗಿಯೇ ಗುಂಡಗಾಯಿತು.

“ಯಾರು ಹಿಡಕೊಂಡಾರ ಅದನ್ನ?” ಎಂದು ಕೇಳಿದೆ.

“ಯಾರೂ ಇಲ್ಲ, ಫುಪ್ಪೂ,” ಎಂದು ನಕ್ಕಳು.

ಅವಳದು ಖರೆ ಇರಬಹುದು. ಆದರೆ ಆ ದಿನ ನಾನಿದ್ದೆ.