ಹಸಿರು ದಾರದ ಹನ್ನೊಂದು ಸಾಲು

ಅಕ್ಕನ ಮುಂಬಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ನಲವತ್ತು ವರ್ಷ ದಾರ ಕಡಿದು ಕಡಿದು ಆದದ್ದು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು, ಅವರು ನಗುವುದೂ ಹೆಚ್ಚೇ. ನಾನು ದಾರಕ್ಕೆ ಬಾಯಿ ಹಾಕಿದರೆ ಮಾತ್ರ ಕತ್ತರಿಯ ಹಿಡಿಕೆಯಿಂದ ಮಂಡಿಗೊಂದು ಏಟು ಬೀಳುತ್ತಿತ್ತು. ನನ್ನ ಹಲ್ಲು ಹೋಯಿತು, ನಿನ್ನದಾದರೂ ಉಳಿಯಲಿ ಎನ್ನುತ್ತಿದ್ದರು. ಹಾಗೆ ಹೇಳುತ್ತಲೇ ತಾವು ಮತ್ತೊಂದು ಎಳೆ ಕಡಿಯುತ್ತಿದ್ದರು.

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಅಂಗಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಮಷೀನಿನಲ್ಲಿ ಕೌದಿ ಹೊಲಿದು ಕೊಡುವುದು ಅವರ ಕೆಲಸ. ಊರಿಗೆಲ್ಲ ಅವರು ಕೌದಿ ಅಕ್ಕ. ನಾನು ಆಗ ಸವಣೂರಿನಲ್ಲಿದ್ದ ಗಂಡನ ಮನೆ ಬಿಟ್ಟು ತವರಿಗೆ ಬಂದು, ಯಾರಿಗೂ ಮುಖ ತೋರಿಸದೆ ಒಳಗೆ ಕುಳಿತಿದ್ದೆ. ಅಕ್ಕ ಒಂದು ಮಧ್ಯಾಹ್ನ ಬಂದು, ಇವಳಿಗೆ ಸೂಜಿ ಕಣ್ಣು ಕಾಣುತ್ತದೆಯೇ ಎಂದು ನಮ್ಮವ್ವನನ್ನು ಕೇಳಿದರು. ಕಾಣುತ್ತದೆ ಎಂದಳು ಅವ್ವ. ಹಾಗಾದರೆ ನಾಳೆಯಿಂದ ಕಳಿಸು ಎಂದು ಹೇಳಿ ಚಹಾ ಕೂಡ ಕುಡಿಯದೆ ಎದ್ದು ಹೋದರು.

ಮೊದಲ ತಿಂಗಳು ನನಗೆ ಮಷೀನು ಮುಟ್ಟಗೊಡಲಿಲ್ಲ. ಬರೀ ದಾರ ಆರಿಸುವುದು. ನಾನು ರೀಲನ್ನೇ ಬಟ್ಟೆಯ ಮೇಲಿಟ್ಟು ಬಣ್ಣ ಹೊಂದಿತು ಎನ್ನುತ್ತಿದ್ದೆ. ಅವರು ಅದರಿಂದ ಒಂದೇ ಎಳೆ ಬಿಚ್ಚಿ, ಬಟ್ಟೆಯನ್ನು ಹೊಸ್ತಿಲಾಚೆ ಬಿಸಿಲಿಗೆ ಒಯ್ದು ಆ ಎಳೆಯನ್ನು ಅದರ ಮೇಲೆ ಹಾಸುತ್ತಿದ್ದರು. ನೋಡಿದರೆ ಬಣ್ಣ ಬೇರೆಯೇ, ರೀಲಿಗಿಂತ ಒಂದು ಛಾಯೆ ತಿಳಿ.

"ರೀಲು ಸುಳ್ಳು ಹೇಳ್ತೈತಿ, ಎಳಿ ಹೇಳೂದಿಲ್ಲ" ಎನ್ನುತ್ತಿದ್ದರು.

ಹತ್ತು ಬಣ್ಣದ ತುಂಡು ಸೇರಿದ ಕೌದಿಗೆ ಅವರ ಆಯ್ಕೆ ಒಂದೇ, ಬೂದು ದಾರ. ಅದಕ್ಕೆ ಅವರಿಟ್ಟ ಹೆಸರು ವಿಭೂತಿ ಬಣ್ಣ. ವಿಭೂತಿ ಯಾರ ಹಣೆಗಾದರೂ ಒಪ್ಪುತ್ತದಲ್ಲ ಎಂಬುದು ಅವರ ವಾದ. ಮೆರೂನ್ ಸೀರೆಯ ಮೇಲೆ ಹಳದಿ ದಾರವೇ ಬೇಕು ಎಂದು ಹಟ ಹಿಡಿದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಅಂಗೈಯಗಲದ ಚಿಂದಿಯ ಮೇಲೆ ನಾಲ್ಕು ಸಾಲು ಹೊಲಿದು ಅವರ ಕೈಗಿಟ್ಟು, ಸಾಲು ಎಲ್ಲಿ ಸೊಟ್ಟಗಾದರೂ ಈ ಹಳದಿ ಚಾಡಿ ಹೇಳುತ್ತದೆ, ನಡೆಯುತ್ತದೆಯೇ ಎಂದು ಕೇಳುತ್ತಿದ್ದರು. ಮೊಬೈಲಿನಲ್ಲಿ ಯಾವುದೋ ಚಿತ್ರ ತೋರಿಸಿ ಹೀಗೆಯೇ ಬೇಕು ಎಂದವರಿಗೆ, ಆ ಬಣ್ಣ ಫೋನಿನದು, ನಿಮ್ಮ ಸೀರೆಯದಲ್ಲ ಎಂದು ನಗುತ್ತಲೇ ಹೇಳಿಬಿಡುತ್ತಿದ್ದರು. ಆಗದ್ದನ್ನು ಮೊದಲು ಹೇಳಬೇಕು, ಆಮೇಲೆ ಚಹಾ ತರಿಸಬೇಕು. ಇದು ಅಂಗಡಿಯ ನೇಮ. ಕೆಲವರು ಚಹಾ ಬರುವ ಮೊದಲೇ ಎದ್ದು ಹೋಗುತ್ತಿದ್ದರು, ಆ ಚಹಾ ನನ್ನ ಪಾಲಿಗೆ ಬರುತ್ತಿತ್ತು.

ನಾನು ಹೋಗಲು ಸುರುಮಾಡಿ ವರ್ಷವಾಗಿರಬೇಕು. ಚಿಕ್ಕೇರೂರಿನ ಹೆಂಗಸೊಬ್ಬರು ಅರ್ಧಂಬರ್ಧ ಆದ ಕೌದಿ ತಂದರು. ಅವರ ಅವ್ವ ಕೈಯಲ್ಲೇ ಹೊಲಿಯುತ್ತ ಹೊಲಿಯುತ್ತ ತೀರಿಕೊಂಡಿದ್ದಳು. ಮುಕ್ಕಾಲು ಭಾಗ ಮೆರೂನ್ ದಾರದ ಸಣ್ಣ, ನೇರ ಹೊಲಿಗೆ. ಕೊನೆಗೆ ಮಾತ್ರ ಹನ್ನೊಂದು ಸಾಲು ಹಸಿರು, ಅವೂ ಒಂದರ ಮೇಲೊಂದು ಏರಿದ ಸೊಟ್ಟ ಸಾಲು. ಅದರಾಚೆ ಬರಿದು. ಮಗಳ ಬಾಣಂತನಕ್ಕೆ ಒಯ್ಯಬೇಕು, ಉಳಿದದ್ದನ್ನು ಮಷೀನಿನಲ್ಲಿ ಹೊಲಿದು ಇಡೀ ಕೌದಿ ಒಂದೇ ಕೈ ಹೊಲಿದಂತೆ ಕಾಣಬೇಕು ಎಂಬುದು ಅವರ ಆಸೆ.

"ಅವ್ವನ ಕೈ ಬ್ಯಾರೆ, ಮಷೀನ್ ಬ್ಯಾರೆ. ಒಂದ ಕಾಣಂಗ ಮಾಡೂದು ನನ್ನ ಕಡೆ ಆಗೂದಿಲ್ರಿ" ಎಂದರು ಅಕ್ಕ.

ಆ ಹೆಂಗಸು ಒಪ್ಪಿಕೊಂಡು ಕೌದಿ ಬಿಟ್ಟುಹೋದರು. ಆದರೆ ಅವರ ಮುಖ ಬಾಡಿದ್ದು ನನ್ನ ಕಣ್ಣಿಗೆ ಕಟ್ಟಿತು.

ಆ ವಾರವೇ ಅಕ್ಕ ಸಂಬಂಧಿಕರ ಮದುವೆಗೆಂದು ಎರಡು ದಿನ ಶಿಗ್ಗಾವಿಗೆ ಹೋದರು. ನನಗೆ ಜಾಣತನ ಉಕ್ಕಿತು. ಹಸಿರು ಸಾಲುಗಳನ್ನು ಬಿಚ್ಚಿಬಿಟ್ಟರೆ ಕೌದಿಯೆಲ್ಲ ಒಂದೇ ಬಣ್ಣವಾಗುತ್ತದೆ, ಅವರ ಆಸೆಯೂ ತೀರುತ್ತದೆ, ಅಕ್ಕನಿಂದ ಶಾಬಾಸ್‌ಗಿರಿಯೂ ಸಿಗುತ್ತದೆ ಎಂದುಕೊಂಡೆ. ಕುಳಿತು ಹನ್ನೊಂದೂ ಸಾಲು ಬಿಚ್ಚಿದೆ. ಬಿಚ್ಚಿದ ದಾರ ಕಸದ ಗಾಡಿಗೆ ಹೋಯಿತು. ಮಷೀನಿಗೆ ಮೆರೂನ್ ದಾರ ಪೋಣಿಸಿ, ಇನ್ನೇನು ಹೊಲಿಯಬೇಕು ಎನ್ನುವಷ್ಟರಲ್ಲಿ ಅಕ್ಕ ಬಂದರು.

ಅವರು ಬೈಯಲಿಲ್ಲ. ಕೌದಿಯ ಮೇಲೆ ಕೈಯಾಡಿಸಿ ಹಾಗೆಯೇ ನೆಲಕ್ಕೆ ಕುಳಿತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಗಡಬಡಿಸಿ, ಅಂಥದೇ ಹಸಿರು ದಾರದಲ್ಲಿ ಸೊಟ್ಟಗೆ ಹೊಲಿದುಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ.

"ತಿಳಿಯೂದಿಲ್ಲ, ಖರೆ" ಎಂದರು. "ಆದ್ರ ಆಕಿ ಅವ್ವನ ಹೊಲಿಗಿ ಅಂತ ತಿಳದು ನಿನ್ನ ಹೊಲಿಗಿ ಮ್ಯಾಲ ಕೈಯಾಡಿಸ್ತಾಳ. ಜೀವ ಇರೂತನಕ."

ನಾನು ಅಳತೊಡಗಿದೆ. ಅಕ್ಕ ಫೋನು ಮಾಡಿ ಆ ಹೆಂಗಸನ್ನು ಕರೆಸಿದರು. ಅವರು ಬಂದು ಕುಳಿತ ಮೇಲೆ ಅಕ್ಕ ನನ್ನನ್ನು ಅವರೆದುರು ಕೂರಿಸಿದರು.

"ನೀನ ಹೇಳು."

ಹೇಗೆ ಹೇಳಿದೆನೋ. ತಲೆ ಮಾತ್ರ ಮೇಲೆತ್ತಲಿಲ್ಲ. ಆ ಹೆಂಗಸು ಕೌದಿಯನ್ನು ಮಡಿಲಿಗೆಳೆದುಕೊಂಡರು.

"ಅವ್ವಗ ಕಡೀ ಕಡೀಗೆ ಕಣ್ಣ ಕಾಣತಿದ್ದಿಲ್ಲ. ಸೂಜಿ ನಾನ ಪೋಣಿಸಿ ಕೊಡ್ತಿದ್ದೆ" ಎಂದರು. "ಮೆರೂನ್ ತೀರಿತ್ತು. ಹಸರು ಕೊಟ್ಟೆ. ಯಾವ ಬಣ್ಣ ಅಂತ ಆಕಿಗೆ ಗೊತ್ತ ಇದ್ದಿಲ್ಲ. ನಾನೂ ಹೇಳಲಿಲ್ಲ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಕ್ಕ ಎದ್ದು ಕೌದಿಯನ್ನು ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಾಸಿದರು. ನಮ್ಮಿಬ್ಬರನ್ನೂ ಕರೆದರು. ಹಳೆಯ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೂ ನೀರು ಮುಟ್ಟುವವರೆಗೆ ಸೂಜಿಯ ತೂತು ಮುಚ್ಚುವುದಿಲ್ಲ. ಸಾಲು ಸಾಲಾಗಿ, ಸೊಟ್ಟಸೊಟ್ಟಗೆ, ಆ ಅವ್ವನ ಸೂಜಿ ನಡೆದ ದಾರಿ ಅಲ್ಲಿ ಹಾಗೆಯೇ ಇತ್ತು.

"ನೀವ ಹೊಲೀರಿ. ಅವ್ವನ ತೂತಿನ್ಯಾಗ ಹಾಯ್ಸಿ ಹೋಗ್ರಿ" ಎಂದರು ಅಕ್ಕ.

ಮೂಲೆಯ ಗಂಟಿನಲ್ಲಿ ಬೆರಳುದ್ದದ ಹಸಿರು ಎಳೆಯೊಂದು ನನ್ನ ಕಣ್ಣು ತಪ್ಪಿಸಿ ಉಳಿದಿತ್ತು. ಐದು ಹಸಿರು ರೀಲುಗಳಿಂದ ಒಂದೊಂದು ಎಳೆ ಬಿಚ್ಚಿ ಅದರ ಪಕ್ಕದಲ್ಲಿ ಹಾಸಿದೆವು. ತುಸು ಮಾಸಿದಂತಿದ್ದ ಎಳೆಯ ಮೇಲೆ ಆ ಹೆಂಗಸು ಬೆರಳಿಟ್ಟರು. ಮೂರು ದಿನ ಚಿಕ್ಕೇರೂರಿನಿಂದ ಬಂದು ಹೋಗಿ ಮಾಡಿ ಹೊಲಿದರು. ಸೂಜಿ ಪೋಣಿಸಿ ಕೊಡುವ ಕೆಲಸ ನನ್ನದು. ಎರಡನೆಯ ದಿನ ಅವರು ನನ್ನ ಊಟ ಆಯಿತೇ ಎಂದು ಕೇಳಿದರು. ಮೂರನೆಯ ದಿನ ಅವ್ವನ ಸಿಟ್ಟಿನ ಕತೆ ಹೇಳಿ ನಕ್ಕರು. ಉಳಿದ ಭಾಗಕ್ಕೆ ಮೆರೂನ್ ಬೇಡವೆಂದು ತಾವೇ ಹೇಳಿ, ವಿಭೂತಿ ಬಣ್ಣದಲ್ಲಿ ಮಷೀನ್ ಹೊಲಿಗೆ ಹಾಕಿಸಿಕೊಂಡರು. ಅವ್ವನದು ಬೇರೆಯಾಗಿಯೇ ಕಾಣಲಿ ಎಂದರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

ಆಮೇಲೆ ಹತ್ತು ವರ್ಷ ನಾನು ಆ ಅಂಗಡಿಯಲ್ಲೇ ಬೆಳೆದೆ. ಹೋದ ಚಳಿಗಾಲ ಅಕ್ಕ ಹಾಸಿಗೆ ಹಿಡಿದು ಬಂಕಾಪುರದ ತಂಗಿಯ ಮನೆ ಸೇರಿದರು. ನೋಡಲು ಹೋದಾಗ ಮೊದಲು ಅಂಗಡಿಯ ಸುದ್ದಿಯನ್ನೇ ಕೇಳಿದರು. ಬಣ್ಣದ ವಿಷಯಕ್ಕೆ ಒಬ್ಬರಿಗೆ ಆಗುವುದಿಲ್ಲ ಎಂದದ್ದಕ್ಕೆ ಸಿಟ್ಟಾಗಿ ಹೋದರು, ಮತ್ತೆ ಬರಲಿಲ್ಲ ಎಂದೆ. ಎಲ್ಲರೂ ಬರುವುದಿಲ್ಲ ಬಿಡು ಎಂದರು. ಧೈರ್ಯ ಮಾಡಿ, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದೆ. ಅಂಗಡಿ ನಿಮ್ಮದು, ನೀವೇ ಹೇಳಿ ಮುಗಿಸಬಹುದಿತ್ತಲ್ಲ, ಹಸಿರು ಸಾಲು ಬಿಚ್ಚಿದ್ದನ್ನು ಅವತ್ತು ನನ್ನ ಬಾಯಿಂದಲೇ ಏಕೆ ಹೇಳಿಸಿದಿರಿ ಎಂದು.

ಅವರು ನನ್ನ ಕೈ ಹಿಡಿದುಕೊಂಡರು.

"ನಾ ಹೇಳಿದ್ರ ನೀ ಮರುದಿನ ಬರ್ತಿದ್ದಿಲ್ಲ. ಮೋತಿ ಮುಚ್ಕೊಂಡು ಮತ್ತ ಮನ್ಯಾಗ ಕುಂದರ್ತಿದ್ದಿ" ಎಂದರು. "ನನಗ ನೀ ಬೇಕಾಗಿದ್ದಿ."

ಅದುವರೆಗೆ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ, ಹಾನಗಲ್ ಎನ್ನುವ ಬದಲು ಕಂಡಕ್ಟರಿಗೆ ಬಂಕಾಪುರದ ಟಿಕೆಟ್ ಕೇಳಿದೆ.

ಎಂಟು ದಿನಕ್ಕೆ ಅಕ್ಕ ಹೋದರು. ಮಣ್ಣಿಗೆ ಹೋಗಿ ಬಂದ ಮರುದಿನ ಒಳಗಿನ ಕೋಣೆಯಲ್ಲಿ ಕದ ಮುಚ್ಚಿಕೊಂಡು ಮಲಗಿಬಿಡೋಣ ಅನ್ನಿಸಿತು. ನಮ್ಮವ್ವನೂ ಇವತ್ತೊಂದು ದಿನ ಬಿಡು ಎಂದಳು. ಎದ್ದು, ಜಳಕ ಮಾಡಿ, ಹೋಗಿ ಅಂಗಡಿಯ ಬಾಗಿಲು ತೆಗೆದೆ.