ನಲವತ್ತು ನಿಮಿಷದ ಅಭ್ಯರ್ಥಿ

ಜಯಲಕ್ಷ್ಮಿ ಸೆನೆಟ್ ಚುನಾವಣೆಗೆ ನಿಲ್ಲುತ್ತೇನೆ ಎಂದ ದಿನ ಯೋಗೀಶ ನಗಲಿಲ್ಲ. ನಗು ಬಂದದ್ದು ನಿಜ. ಆದರೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಯಾವ ನಗುವನ್ನು ಹೊರಗೆ ಬಿಡಬಾರದು ಎಂಬಷ್ಟಾದರೂ ತಿಳಿದಿರುತ್ತದೆ. ಬಾಯಲ್ಲಿದ್ದ ಉಪ್ಪಿಟ್ಟಿನ ಜೊತೆ ಅದನ್ನೂ ನುಂಗಿ ಕೇಳಿದ:

"ಯಾರ ಎದುರಿಗೆ?"

"ವಿಟ್‌ಕಾಂಬ್ ಎದುರಿಗೆ. ಇನ್ನು ಸ್ವಲ್ಪ ಉಪ್ಪಿಟ್ಟು ಹಾಕ್ಲಾ?"

ವಿಟ್‌ಕಾಂಬ್ ಎಂದರೆ ಸಾಮಾನ್ಯ ಆಸಾಮಿಯಲ್ಲ. ಇಪ್ಪತ್ತನಾಲ್ಕು ವರ್ಷದಿಂದ ವಿಕ್ಟೋರಿಯಾ ರಾಜ್ಯದ ಸೆನೆಟರ್, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯ. ಆತನ ಪಕ್ಷದ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ಆತನದೇ. ಇಡೀ ರಾಜ್ಯಕ್ಕೆ ಒಂದೇ ಮತಪತ್ರ, ಒಂದು ಮೀಟರ್ ಅಗಲದ್ದು. ಪಕ್ಷ ಬೇಕೆನ್ನುವವರು ಗೆರೆಯ ಮೇಲಿನ ಸಾಲಿನಲ್ಲಿ ತಮಗಿಷ್ಟದ ಕ್ರಮಕ್ಕೆ ಒಂದರಿಂದ ಆರು ಅಂಕಿ ಬರೆದರೆ ಸಾಕು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಅಭ್ಯರ್ಥಿಗೆ ಬಲತುದಿಯ ಕೊನೆಯ ಕಂಬಸಾಲಿನಲ್ಲಿ ಜಾಗ. ಅಂಥವರಿಗೆ ವೋಟು ಹಾಕಬೇಕೆಂದರೆ ಗೆರೆಯ ಕೆಳಗಿಳಿದು, ಸಣ್ಣ ಅಕ್ಷರದ ಹೆಸರುಗಳನ್ನು ಹುಡುಕಿ, ಒಂದರಿಂದ ಹನ್ನೆರಡರ ತನಕ ಕೈಯಾರೆ ಅಂಕಿ ತುಂಬಬೇಕು. ಅಲ್ಲಿಂದ ಗೆದ್ದವರನ್ನು ಯೋಗೀಶ ಕೇಳಿಯೂ ಇರಲಿಲ್ಲ.

ಜಯಲಕ್ಷ್ಮಿ ತಿಪಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಗಂಡನ ಐಟಿ ಕೆಲಸದ ಬೆನ್ನಿಗೆ ಮೆಲ್ಬರ್ನಿಗೆ ಬಂದಳು. ಇಲ್ಲಿ ಆ ಡಿಗ್ರಿಯನ್ನು ಯಾರೂ ಮೂಸಿ ನೋಡಲಿಲ್ಲ. ಆರು ತಿಂಗಳ ಕೋರ್ಸ್ ಮಾಡಿ ಡ್ಯಾಂಡಿನಾಂಗ್‌ನ ಒಂದು ಏಜ್ಡ್ ಕೇರ್‌ಗೆ, ಅಂದರೆ ವೃದ್ಧಾಶ್ರಮಕ್ಕೆ, ಕೆಲಸಕ್ಕೆ ಸೇರಿದಳು, ಹದಿನಾಲ್ಕು ವರ್ಷವಾಯಿತು. ಮುದುಕರಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು. ನೀರನ್ನು ಮೊದಲು ತನ್ನ ಮುಂಗೈ ಮೇಲೆ ಸುರಿದುಕೊಂಡು ನೋಡದೆ ಅವಳು ಯಾರ ಮೈಗೂ ಹಾಕಿದವಳಲ್ಲ.

ಅಲ್ಲಿ ಇರೀನಿ ಎಂಬ ತೊಂಬತ್ತೊಂದು ವರ್ಷದ ಗ್ರೀಕ್ ಅಜ್ಜಿ ಇದ್ದಳು. ಗಂಟಲು ಸೋತುಹೋಗಿತ್ತು, ತುತ್ತು ಇಳಿಯಲು ಹೊತ್ತು ಹಿಡಿಯುತ್ತಿತ್ತು. ಅಲ್ಲಿ ಯಾರಿಗೋ ನೂರು ತುಂಬಿದ ದಿನ ಸೆನೆಟರ್ ವಿಟ್‌ಕಾಂಬ್ ಸಾಹೇಬರು ಕೇಕ್ ಕತ್ತರಿಸಲು ಬಂದರು. ಫೋಟೋ ಮುಗಿದ ಮೇಲೆ ಜಯಲಕ್ಷ್ಮಿ ಏಪ್ರನ್‌ಗೆ ಕೈ ಒರೆಸಿಕೊಂಡು ಹೋಗಿ ಕೇಳಿದಳು: ಇರೀನಿಗೆ ಊಟ ಮಾಡಿಸಲು ನಲವತ್ತು ನಿಮಿಷ ಬೇಕು, ನನ್ನ ಕೆಲಸದ ಪಟ್ಟಿಯಲ್ಲಿ ಅವಳಿಗಿರುವುದು ಹನ್ನೊಂದು ನಿಮಿಷ, ಉಳಿದ ಅನ್ನ ಏನು ಮಾಡಲಿ? ಒಳ್ಳೆಯ ಪ್ರಶ್ನೆ ಎಂದು ಸಾಹೇಬರು ಅವಳ ಭುಜ ತಟ್ಟಿ ಕಾರು ಹತ್ತಿದರು. ಅವಳು ಅವರಿಗೆ ಆರು ಕಾಗದ ಬರೆದಳು. ಆರಕ್ಕೂ ಒಂದಕ್ಷರ ಆಚೀಚೆಯಾಗದ ಅದೇ ಉತ್ತರ, ಅದೇ ಅಚ್ಚಾದ ಸಹಿ. ಆರನೆಯದು ಬಂದ ಮರುದಿನವೇ ಈ ಉಪ್ಪಿಟ್ಟಿನ ಮಾತು.

ಒಂಟಿಯಾಗಿ ನಿಲ್ಲಬೇಕಾದರೆ ನೂರು ಮತದಾರರು ಸೂಚಕರಾಗಿ ಸಹಿ ಹಾಕಬೇಕಿತ್ತು. ಇದನ್ನು ಕೇಳಿ ಯೋಗೀಶನಿಗೆ ಎಲ್ಲಿಲ್ಲದ ಹುರುಪು ಬಂತು. ಗೆಲ್ಲಿಸುವುದು ತನ್ನ ಕೈಲಿಲ್ಲ, ಜನ ಸೇರಿಸುವುದು ಇದೆ.

"ಸೈನ್ ಚಿಂತೆ ನನಗೆ ಬಿಡು. ನೂರೇನು, ನೂರೈವತ್ತು ತರ್ತೀನಿ," ಎಂದ.

ತಂದ ಕೂಡ. ಕ್ರೇಗಿಬರ್ನ್‌ನಲ್ಲಿ ಕನ್ನಡದವರೆಲ್ಲ ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟ ಇತ್ತು, ಅಲ್ಲಿ ಬಿಸಿಬೇಳೆಬಾತಿನ ಪಕ್ಕ ಫಾರಂ ಇಟ್ಟುಕೊಂಡು ಕೂತ. ಮೊದಲ ಸಾಲಿನಲ್ಲಿ ತಾನೇ ಸಹಿ ಹಾಕಿದ, ಶುಭಕಾರ್ಯ ಮನೆಯವರಿಂದಲೇ ಶುರುವಾಗಲಿ ಎಂದು. ಅಲ್ಲಿಗೂ ನಿಲ್ಲದೆ ಸಿಡ್ನಿಗೆ ಹಾರಿದ. ಟೂಂಗಾಬಿಯಲ್ಲಿ ಜಯಲಕ್ಷ್ಮಿಯ ತಮ್ಮ ಶಶಿಧರನ ಮನೆ. ಅವನ ಗೃಹಪ್ರವೇಶಕ್ಕೆ ಬಂದವರೆಲ್ಲ ನಮ್ಮ ಹೆಣ್ಣುಮಗಳು ಸೆನೆಟ್‌ಗೆ ನಿಂತಿದ್ದಾಳೆ ಎಂದು ಅರಿಸಿನ ಕುಂಕುಮದ ಕೈಯಲ್ಲೇ ಪೆನ್ನು ಹಿಡಿದರು. ಅಲ್ಲಿಂದಲೇ ನಲವತ್ತನಾಲ್ಕು. ಒಟ್ಟು ನೂರೈವತ್ತೆರಡು. ವಿಮಾನದಲ್ಲಿ ಆ ಕವರನ್ನು ಯೋಗೀಶ ಮಡಿಲಿನಿಂದ ಕೆಳಗಿಳಿಸಲಿಲ್ಲ.

ನಾಮಪತ್ರಕ್ಕೆ ಗುರುವಾರ ಮಧ್ಯಾಹ್ನ ಹನ್ನೆರಡು ಕಡೆಯ ಗಳಿಗೆ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೇ ಗಂಡಹೆಂಡಿರು ಸಿಟಿಯಲ್ಲಿದ್ದ ಚುನಾವಣಾ ಆಯೋಗದ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಕನ್ನಡಕದ ಹೆಂಗಸು, ಮೃದುವಾಗಿ ಮಾತಾಡುವವಳು. ಪೆನ್ಸಿಲ್ ಹಿಡಿದು ಕಂಪ್ಯೂಟರಿನಲ್ಲಿ ಒಂದೊಂದೇ ಹೆಸರು ಹುಡುಕತೊಡಗಿದಳು. ಮೊದಲ ಸಾಲಿಗೇ ಪೆನ್ಸಿಲ್ ನಿಂತಿತು.

"ಯೋಗೀಶ್ ಯಾರು? ಮತದಾರರ ಪಟ್ಟಿಯಲ್ಲಿ ಇಲ್ಲವಲ್ಲ," ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಾನೇ. ಪಿಆರ್ ಇದೆ. ಹದಿನೇಳು ವರ್ಷದಿಂದ ಇದೆ," ಎಂದ ಯೋಗೀಶ.

ಪಿಆರ್, ಅಂದರೆ ಖಾಯಂ ವಾಸದ ಪರವಾನಗಿ, ಇದ್ದರೆ ಸಾಲದು, ಸಿಟಿಜನ್ ಆಗಿರಬೇಕು. ಜಯಲಕ್ಷ್ಮಿ ಎಂಟು ವರ್ಷದ ಹಿಂದೆಯೇ ಪ್ರಮಾಣ ಮಾಡಿ ಸಿಟಿಜನ್ ಆಗಿದ್ದಳು. ಆಗ ಯೋಗೀಶ, ವೋಟು ಹಾಕದಿದ್ದರೆ ಇಲ್ಲಿ ದಂಡ ಬೇರೆ ಹಾಕುತ್ತಾರೆ, ಆ ಗೋಳು ನನಗೆ ಬೇಡ ಎಂದು ಊರಿನಿಂದ ತಂದ ನೀಲಿ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದ. ಮನೆ, ಮಾರ್ಟ್‌ಗೇಜ್, ಮೆಡಿಕೇರ್ ಎಲ್ಲಕ್ಕೂ ಪಿಆರ್ ನಡೆಯುತ್ತಿತ್ತು, ಹಾಗಾಗಿ ಇದಕ್ಕೂ ನಡೆಯುತ್ತದೆಂದು ಅವನಷ್ಟೇ ಅಲ್ಲ, ಕ್ರೇಗಿಬರ್ನ್‌ನ ಅರ್ಧ ಪಂಕ್ತಿಯೇ ತಿಳಿದಿತ್ತು. ಐವತ್ತೊಂದು ಹೆಸರು ಹೋಯಿತು. ಆಮೇಲೆ ಟೂಂಗಾಬಿಯ ಹಾಳೆ ಬಂತು. ಅಧಿಕಾರಿ ವಿಳಾಸ ನೋಡಿದಳು, ಯೋಗೀಶನ ಮುಖ ನೋಡಿದಳು, ಇನ್ನಷ್ಟು ಮೃದುವಾಗಿ ಹೇಳಿದಳು: ಸಿಡ್ನಿಯವರು ಬೇರೆ ರಾಜ್ಯದ ಮತದಾರರು, ವಿಕ್ಟೋರಿಯಾದ ಸೆನೆಟ್‌ಗೆ ಅವರು ಸೂಚಕರಾಗುವಂತಿಲ್ಲ. ನಲವತ್ತನಾಲ್ಕೂ ಒಂದೇ ಗೀಟಿಗೆ ಹೋಯಿತು.

ಉಳಿದದ್ದು ಐವತ್ತೇಳು. ಇನ್ನೂ ನಲವತ್ತಮೂರು ಬೇಕು, ನಾಳೆ ಹನ್ನೆರಡರೊಳಗೆ.

ಯೋಗೀಶನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ರೈಲಿನಲ್ಲಿ ಜಯಲಕ್ಷ್ಮಿ ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊನೆಗೆ ಅವನೇ ಬಾಯಿ ಬಿಟ್ಟ.

"ನಿಮ್ಮ ಏಜ್ಡ್ ಕೇರ್‌ನಲ್ಲೇ ಅರವತ್ತು ಜನ ಇದ್ದಾರಲ್ಲ ಜಯಾ. ಎಲ್ಲಾ ಸಿಟಿಜನ್ಸು, ಎಲ್ಲಾ ಮೆಲ್ಬರ್ನಿನವರು. ನೀನು ಒಂದು ಮಾತು ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

"ಅದಕ್ಕೇ ಕೇಳಲ್ಲ ರೀ," ಎಂದಳು ಅವಳು. "ನಾನು ಸ್ನಾನ ಮಾಡ್ಸೋರು ಅವರು. ಬೇಡ ಅನ್ನೋಕೆ ಅವರಿಗೆ ಧೈರ್ಯ ಎಲ್ಲಿಂದ ಬರ್ಬೇಕು? ನಾಳೆ ನೀರು ಬಿಸಿಯಾಗಿ ಬಂದ್ರೆ ಅಂತ ಯೋಚ್ನೆ ಮಾಡ್ತಾರೆ."

"ಹಂಗಾದ್ರೆ ನಿನ್ನ ಹೆಸರೇ ಬರಲ್ವಲ್ಲ."

"ಬರಲ್ಲ. ಬಿಡಿ. ಹನ್ನೊಂದಕ್ಕೆ ಶಿಫ್ಟ್ ಇದೆ ನನಗೆ."

ಡ್ಯಾಂಡಿನಾಂಗ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದು ಹೋಗಿಯೇಬಿಟ್ಟಳು. ಯೋಗೀಶ ಅಲ್ಲೇ ಖಾಲಿ ಫಾರಂ ಹಿಡಿದು ನಿಂತ. ಒಂದು ಗಂಟೆಯಲ್ಲಿ ಸಿಕ್ಕಿದ್ದು ಎರಡು ಸಹಿ. ನಿಂತು ಕೇಳಿದವರಲ್ಲಿ ಹೆಚ್ಚಿನವರು ಅವನಂತೆಯೇ ವೋಟಿಲ್ಲದವರು, ಉಳಿದವರಿಗೆ ರೈಲಿನ ಅವಸರ. ಯಾರೀಕೆ ಎಂದು ಒಬ್ಬ ಕೇಳಿದ. ನನ್ನ ಹೆಂಡತಿ ಎಂಬುದನ್ನು ಬಿಟ್ಟು ಬೇರೆ ಉತ್ತರ ಯೋಗೀಶನಿಗೆ ಹೊಳೆಯಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ಎದುರಿಗೆ ಗೋಡೆಯ ಮೇಲೆ ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್ ತೂಗುತ್ತಿತ್ತು. ಏಕಾದಶಿ, ಅಮಾವಾಸ್ಯೆ, ರಾಹುಕಾಲ. ಅವುಗಳ ನಡುವೆ ಚೌಕ ಚೌಕದಲ್ಲಿ ಜಯಲಕ್ಷ್ಮಿಯ ದುಂಡಕ್ಷರ: ಮಿಸ್ಟರ್ ಟ್ರಾನ್, ಲುಯೀಜಾ, ಜಾರ್ಜ್, ಮಿಸೆಸ್ ಕೋವಾಚ್. ಪ್ರತಿ ಹೆಸರಿನ ಕೆಳಗೆ ಒಂದು ಫೋನ್ ನಂಬರ್. ಅವಳ ಆರೈಕೆಯಲ್ಲಿ ಕೊನೆಯ ದಿನ ಕಳೆದು ತೀರಿಕೊಂಡವರ ಹೆಸರುಗಳು ಅವು, ತೀರಿಕೊಂಡ ತಾರೀಖಿನ ಚೌಕದಲ್ಲೇ. ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಹಳೆಯದರಿಂದ ಎಲ್ಲವನ್ನೂ ಇಳಿಸಿಕೊಳ್ಳುತ್ತಿದ್ದಳು. ಆ ತಾರೀಖು ಬಂದಾಗ ದೇವರ ಮುಂದೆ ಒಂದು ದೀಪ ಹಚ್ಚಿ, ಅವರ ಮಗನಿಗೋ ಮಗಳಿಗೋ ಫೋನ್ ಮಾಡಿ, ಇವತ್ತು ನಿಮ್ಮ ಅಮ್ಮನನ್ನು ನೆನೆಸಿಕೊಂಡೆ ಎಂದಷ್ಟೇ ಹೇಳಿ ಇಡುತ್ತಿದ್ದಳು. ಊರಿನವರದೆಲ್ಲ ತಿಥಿ ಮಾಡುವ ಪುರೋಹಿತೆ ಎಂದು ಯೋಗೀಶ ಅವಳನ್ನು ಎಷ್ಟೋ ಸಲ ಛೇಡಿಸಿದ್ದ. ಒಂದು ದಿನವಾದರೂ ಆ ಹೆಸರುಗಳನ್ನು ಎಣಿಸಿರಲಿಲ್ಲ. ಈಗ ಹಾಳೆ ಮಗುಚುತ್ತಾ ಎಣಿಸಿದ. ತೊಂಬತ್ತೊಂದು.

ಇವರ ಮಕ್ಕಳಿಗೆ ಯಾರ ಹೆದರಿಕೆಯೂ ಇಲ್ಲ, ಬೇಡವೆನ್ನಲು ಯಾವ ಅಡ್ಡಿಯೂ ಇಲ್ಲ. ಜನವರಿಯ ಮೊದಲ ಹೆಸರಿಗೆ ಫೋನ್ ಹಚ್ಚಿದ.

"ನಾನು ಜಯಾಳ ಗಂಡ ಮಾತಾಡುತ್ತಿದ್ದೇನೆ," ಎಂದ ಇಂಗ್ಲಿಷಿನಲ್ಲಿ.

ಆ ಕಡೆಯಿಂದ ಸ್ಪ್ರಿಂಗ್‌ವೇಲ್‌ನ ಮಿಸ್ಟರ್ ಟ್ರಾನ್ ಅವರ ಮಗ ಗಾಬರಿಯಿಂದ ಕೇಳಿದ. "ಯಾವ ಜಯಾ? ಅಪ್ಪನ ದಿನಕ್ಕೆ ಫೋನ್ ಮಾಡುವ ಜಯಾ? ಅವಳಿಗೇನಾಯಿತು?"

ಫೋನ್ ಎತ್ತಿದವರೆಲ್ಲ ಮೊದಲು ಕೇಳಿದ್ದು ಅದನ್ನೇ. ಅವಳಿಗೇನಾಯಿತು. ಏನೂ ಆಗಿಲ್ಲ, ನಿಮ್ಮದೊಂದು ಸಹಿ ಬೇಕಿತ್ತು ಎಂದರೆ ಎಷ್ಟು ಹೊತ್ತಿಗೆ ಬರಲಿ ಎನ್ನುತ್ತಿದ್ದರು. ಯಾವ ಪಕ್ಷ ಎಂದು ಯಾರೂ ಕೇಳಲಿಲ್ಲ. ಹನ್ನೆರಡನೆಯ ಕರೆ ಮುಗಿದಾಗಲೂ ಯೋಗೀಶ ಇನ್ನೂ ಫೆಬ್ರವರಿಯ ಹಾಳೆಯಲ್ಲೇ ಇದ್ದ. ಕಾಲೇಜಿನಿಂದ ಬಂದ ಮಗಳು ಆದ್ಯಾ ಅವನ ಕೈಯಿಂದ ಫೋನ್ ತೆಗೆದುಕೊಂಡು, "ಐ ವಿಲ್ ಡೂ ಮಾರ್ಚ್ ಆನ್ವರ್ಡ್ಸ್ ಅಪ್ಪ," ಎಂದು ಕೂತಳು.

ಸಂಜೆ ಆರೂವರೆಗೆ ಜಯಲಕ್ಷ್ಮಿ ಬಸ್ಸಿಳಿದು ತನ್ನ ಬೀದಿಗೆ ತಿರುಗಿದರೆ ಎರಡೂ ಬದಿ ಸಾಲಾಗಿ ಕಾರು. ಮನೆಯ ಡ್ರೈವ್‌ವೇಯಲ್ಲಿ ಜನ. ಯಾರೋ ಸತ್ತರೇನೋ ಎಂದು ಓಡುತ್ತಾ ಬಂದಳು. ಗ್ಯಾರೇಜಿನ ಬಾಗಿಲಲ್ಲಿ ಇಸ್ತ್ರಿ ಮಾಡುವ ಮೇಜು, ಅದರ ಮೇಲೆ ಫಾರಂ, ಪಕ್ಕದಲ್ಲಿ ಆದ್ಯಾ ಪ್ರತಿಯೊಬ್ಬರಿಗೂ ಸಿಟಿಜನ್ನಾ, ವಿಕ್ಟೋರಿಯಾದಲ್ಲಿ ವೋಟಿದೆಯಾ ಎಂದು ಎರಡೆರಡು ಸಲ ಕೇಳುತ್ತಿದ್ದಳು. ಬ್ಯಾಲರಟ್‌ನಿಂದ ಒಬ್ಬ ತನ್ನ ಲಾರಿಯನ್ನು ಅಲ್ಲೇ ಬಿಟ್ಟು ಬಂದಿದ್ದ. ಜೀಲಾಂಗ್‌ನಿಂದ ಅಕ್ಕತಂಗಿಯರಿಬ್ಬರು ಬಂದಿದ್ದರು.

ಜಯಲಕ್ಷ್ಮಿ ಬ್ಯಾಗು ಕೂಡ ಇಳಿಸದೆ ನಿಂತಳು. ಆ ಜನರಲ್ಲಿ ಎಷ್ಟೋ ಮಂದಿಯನ್ನು ಅವಳು ಮುಖ ಕಂಡು ವರ್ಷಗಳಾಗಿದ್ದವು. ಆದರೂ ಒಬ್ಬೊಬ್ಬರ ಹತ್ತಿರವೂ ಹೋದಳು. ನೀನು ಜಾರ್ಜ್‌ನ ಮಗ, ನಿಮ್ಮಪ್ಪನಿಗೆ ಟೀಗೆ ಮೂರು ಚಮಚ ಸಕ್ಕರೆ ಬೇಕಿತ್ತು. ನೀವು ಲುಯೀಜಾ ಮಕ್ಕಳು, ಅವಳು ಕಿಟಕಿ ಮುಚ್ಚಿದರೆ ಮಲಗುತ್ತಿರಲಿಲ್ಲ. ಐವತ್ತು ದಾಟಿದ ಆ ಲಾರಿ ಡ್ರೈವರ್ ಅವಳ ಕೈ ಹಿಡಿದುಕೊಂಡು ಚಿಕ್ಕ ಮಗುವಿನಂತೆ ಅತ್ತ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ ತಾನು ಯಾರ ಜೊತೆ ಬದುಕುತ್ತಿದ್ದೇನೆಂದು ಗೊತ್ತಿರಲಿಲ್ಲವಲ್ಲ ಎಂದು ಯೋಗೀಶನಿಗೆ ಅನ್ನಿಸಿತು. ಅವನಿಗೆ ಸ್ವಲ್ಪ ಭಯವೂ ಆಯಿತು, ದೊಡ್ಡದೇನನ್ನೋ ತೀರಾ ಹತ್ತಿರದಿಂದ ಕಂಡಾಗ ಆಗುವ ಭಯ.

"ಯಾರು ಹೇಳಿದ್ದು ಇವ್ರಿಗೆಲ್ಲ?" ಎಂದಳು ಅವಳು ಅವನ ಬಳಿ ಬಂದು.

"ನಿನ್ನ ಕ್ಯಾಲೆಂಡರ್."

ಅವಳು ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಟೀಗೆ ನೀರಿಟ್ಟಳು.

ಗುರುವಾರ ಬೆಳಿಗ್ಗೆ ಅರವತ್ತಾರು ಹೊಸ ಹೆಸರು ಅಧಿಕಾರಿಯ ಮೇಜಿನ ಮೇಲಿದ್ದವು. ಪೆನ್ಸಿಲ್ ಎರಡೇ ಕಡೆ ನಿಂತಿತು. ಹನ್ನೊಂದೂ ಐದಕ್ಕೆ ಆಕೆ ಮುದ್ರೆ ಒತ್ತಿ, ಎದ್ದು ನಿಂತು, ಅಭ್ಯರ್ಥಿಯ ಕೈ ಕುಲುಕಿದಳು.

ಪ್ರಚಾರವೆಂದು ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮನೆಯಲ್ಲೇ ಪ್ರಿಂಟ್ ಮಾಡಿದ ಒಂದು ಹಾಳೆ, ಅದರ ಮೇಲೆ "ಒಂದು ಊಟಕ್ಕೆ ನಲವತ್ತು ನಿಮಿಷ" ಎಂಬ ಒಂದೇ ಸಾಲು ಇಂಗ್ಲಿಷಿನಲ್ಲಿ. ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಸ್ಟೇಷನ್ನಿನ ಮುಂದೆ ನಿಂತು ಹಂಚುತ್ತಿದ್ದಳು. ಏಜ್ಡ್ ಕೇರ್ ಒಳಗೆ ಮಾತ್ರ ಒಂದು ಹಾಳೆಯನ್ನೂ ಒಯ್ಯಲಿಲ್ಲ, ಬಾಯಿ ಬಿಟ್ಟು ಒಂದು ಮಾತೂ ಹೇಳಲಿಲ್ಲ.

ವಿಟ್‌ಕಾಂಬ್ ಗೆದ್ದರು. ಮೊದಲ ಸುತ್ತಿನಲ್ಲೇ, ಪ್ರತಿ ಸಲದಂತೆ, ಗೆಲ್ಲಲು ಏಳು ಮತಗಳಲ್ಲಿ ಒಂದು ಸಾಕಾಗಿದ್ದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪಡೆದು. ಜಯಲಕ್ಷ್ಮಿಗೆ ಬಂದದ್ದು ಮೂರು ಸಾವಿರದ ನಾನೂರ ಹದಿನೆಂಟು.

ಆದರೆ ಆ ಲೆಕ್ಕ ಮುಗಿಯಲು ವಾರಗಳು ಹಿಡಿದವು. ವೋಟಿಲ್ಲದ ಯೋಗೀಶನಿಗೆ ಎಣಿಕೆಯ ಏಜೆಂಟಾಗಿ ಕೂರಲು ಅಡ್ಡಿಯಿರಲಿಲ್ಲ. ರಜೆ ಹಾಕಿ ಒಂದು ಬೆಳಿಗ್ಗೆ ಎಣಿಕೆಯ ಶೆಡ್ಡಿಗೆ ಹೋದ. ಸಾಲು ಸಾಲು ಕಂಪ್ಯೂಟರ್. ಸ್ಕ್ಯಾನ್ ಆದ ಮತಪತ್ರ ಒಂದೊಂದಾಗಿ ಪರದೆಗೆ ಬರುತ್ತಿತ್ತು, ಕೂತ ಹುಡುಗಿ ಅಂಕಿಗಳನ್ನು ಓದಿ ಟೈಪ್ ಮಾಡುತ್ತಿದ್ದಳು. ಅವನು ಹಿಂದೆ ಕೂತು ನೋಡಬಹುದು, ಏನನ್ನೂ ಮುಟ್ಟುವಂತಿಲ್ಲ, ಆಕ್ಷೇಪವಿದ್ದರೆ ಹೇಳಬಹುದು. ನೂರಾರು ಮತಪತ್ರ ಹಾದುಹೋದವು. ಎಲ್ಲವೂ ಮೇಲಿನ ಸಾಲಿನವು, ಆರು ಅಂಕಿಯವು. ಬಲತುದಿಯ ಆ ಕೊನೆಯ ಕಂಬಸಾಲು ಪ್ರತಿ ಸಲವೂ ಖಾಲಿ.

ಊಟದ ಹೊತ್ತಿಗೆ ಮುಂಚೆ ಒಂದು ಬಂತು. ಮೇಲಿನ ಸಾಲು ಖಾಲಿ. ಕೆಳಗೆ, ಬಲತುದಿಯಲ್ಲಿ, ಜಯಲಕ್ಷ್ಮಿ ಎಂಬ ಹೆಸರಿನ ಪಕ್ಕದ ಚೌಕದಲ್ಲಿ ಒಂದು ಎಂಬ ಅಂಕಿ. ಅದು ನೆಟ್ಟಗಿರಲಿಲ್ಲ. ನಡುಗಿ ನಡುಗಿ, ಮೂರು ಕಡೆ ಮುರಿದು, ಕೊನೆಗೂ ಕೆಳಗೆ ಮುಟ್ಟಿತ್ತು. ಎರಡು ಮೂರು ಅಂಗುಲ ಎಡಕ್ಕೆ ಎರಡು ಎಂಬ ಅಂಕಿ. ಮೂರು. ನಾಲ್ಕರ ಹತ್ತಿರ ಪೆನ್ಸಿಲ್ ಜಾರಿ ಉದ್ದಕ್ಕೆ ಗೀರಾಗಿತ್ತು, ಮತ್ತೆ ತಂದು ಚೌಕದೊಳಗೆ ಕೂರಿಸಲಾಗಿತ್ತು. ಎಂಟನ್ನು ಎರಡು ಸೊನ್ನೆ ಒಂದರ ಮೇಲೊಂದಿಟ್ಟು ಬರೆಯಲಾಗಿತ್ತು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಒಂದೂ ಬಿಟ್ಟಿರಲಿಲ್ಲ.

ಯಾರ ಮುದಿ ಕೈಯೋ ಗೊತ್ತಿಲ್ಲ, ಗೊತ್ತಾಗಲೂ ಬಾರದು, ಅದಕ್ಕೇ ಗುಟ್ಟಿನ ಮತ. ಆದರೆ ಆ ಹನ್ನೆರಡು ಅಂಕಿ ಬರೆಯಲು ಆ ಕೈಗೆ ಎಷ್ಟು ಹೊತ್ತು ಹಿಡಿದಿರಬಹುದೆಂದು ಯೋಗೀಶನಿಗೆ ಅಂದಾಜಿತ್ತು. ಹನ್ನೊಂದು ನಿಮಿಷಕ್ಕೆ ಆಗುವ ಕೆಲಸ ಅದಲ್ಲ.

ಅವನಿಗೆ ತಿಳಿಯದಂತೆಯೇ ಅವನು ಎದ್ದು ನಿಂತಿದ್ದ. ಹುಡುಗಿ ಬೆರಳು ನಿಲ್ಲಿಸಿ ತಿರುಗಿ ನೋಡಿದಳು.

"ಆಕ್ಷೇಪವಿದೆಯೇ?" ಎಂದಳು.

"ಇಲ್ಲ," ಎಂದ ಯೋಗೀಶ. ಕೂರಬೇಕೆಂದು ಅವನಿಗೆ ನೆನಪಾಗಲಿಲ್ಲ. ಹುಡುಗಿ ಹನ್ನೆರಡೂ ಅಂಕಿಗಳನ್ನು ಒಂದೊಂದಾಗಿ ಓದಿ ಟೈಪ್ ಮಾಡಿ ಮುಗಿಸುವ ತನಕ ಅವನು ನಿಂತೇ ಇದ್ದ.